ಒಂದೂವರೆ ಸ್ಥಾನದ ರಾಜ್ಯ

1950ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನದ ನಾಲ್ಕನೇ ಅನುಸೂಚಿಯಲ್ಲಿ ಒಂದು ವಿಚಿತ್ರ ಜೋಡಿ ಇತ್ತು: ಅಜ್ಮೀರ್ ಮತ್ತು ಕೊಡಗು. ರಾಜ್ಯಗಳ ಪರಿಷತ್ತಿನಲ್ಲಿ, ಎಂದರೆ ಈಗಿನ ರಾಜ್ಯಸಭೆಯಲ್ಲಿ, ಇವೆರಡಕ್ಕೂ ಸೇರಿಸಿ ಕೊಟ್ಟದ್ದು ಒಂದೇ ಸ್ಥಾನ. ಒಂದು ಮರುಭೂಮಿಯ ಅಂಚಿನ ದರ್ಗಾದ ಊರು, ಇನ್ನೊಂದು ಪಶ್ಚಿಮಘಟ್ಟದ ಕಾಫಿ ಸೀಮೆ. ನಡುವೆ 1,500 ಕಿಲೋಮೀಟರಿಗೂ ಹೆಚ್ಚಿನ ದೂರ. ಭಾಷೆ ಬೇರೆ, ಬೆಳೆ ಬೇರೆ, ಮಳೆಯ ಲೆಕ್ಕವಂತೂ ಪೂರ್ತಿ ಬೇರೆ. ಎರಡೂ ಬ್ರಿಟಿಷರ ಕಾಲದಲ್ಲಿ ಚೀಫ್ ಕಮಿಷನರ್ ಆಡಳಿತದ ಪುಟ್ಟ ಪ್ರಾಂತಗಳಾಗಿದ್ದವು. ದೆಹಲಿಯ ಕಡತದಲ್ಲಿ ಅಕ್ಕಪಕ್ಕ ಕೂರಲು ಅಷ್ಟು ಸಾಕಾಯಿತು. ಸ್ಥಾನವನ್ನು ಸರದಿಯಂತೆ ತುಂಬಬೇಕು, ಒಂದು ಅವಧಿಗೆ ಅಲ್ಲಿಯವರು, ಮುಂದಿನ ಅವಧಿಗೆ ಇಲ್ಲಿಯವರು ಎಂಬ ಏರ್ಪಾಡಾಯಿತು. ಮೊದಲ ಸರದಿ ಅಜ್ಮೀರಿನ ಪಾಲಿಗೆ ಹೋಯಿತು.

ಲೋಕಸಭೆಯಲ್ಲಿ ಮಾತ್ರ ಕೊಡಗಿಗೆ ಪೂರ್ತಿ ಒಂದು ಸ್ಥಾನವಿತ್ತು. ಒಂದು ಮತ್ತು ಅರ್ಧ, ಒಟ್ಟು ಒಂದೂವರೆ. ನಗು ಬರಿಸುವ ಲೆಕ್ಕ ಇದು. ಆದರೆ ದೇಶದ ಶಾಸನಸಭೆಯಲ್ಲಿ ಕೊಡಗಿಗೆ ಅದಕ್ಕಿಂತ ಹೆಚ್ಚಿನ ದನಿ ಹಿಂದೆ ಇರಲಿಲ್ಲ, ಆಮೇಲೆ ಸಿಗಲೂ ಇಲ್ಲ.

ಹಿಂದಿನದ್ದನ್ನು ನೋಡಿದರೆ ಆ ಒಂದೂವರೆಯ ಬೆಲೆ ತಿಳಿಯುತ್ತದೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಕೊಡಗಿನ ಅರಸರ ಕೈಯಲ್ಲಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕತ್ತರಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಉಳಿದ ಭಾಗ ಪ್ರತ್ಯೇಕ ಪ್ರಾಂತವಾಯಿತು. ಮೈಸೂರಿನ ಬ್ರಿಟಿಷ್ ರೆಸಿಡೆಂಟರೇ ಬಹುಕಾಲ ಅದರ ಚೀಫ್ ಕಮಿಷನರ್ ಆಗಿದ್ದರು. 1924ರಲ್ಲಿ ಕೊಡಗಿಗೆ ಲೆಜಿಸ್ಲೇಟಿವ್ ಕೌನ್ಸಿಲ್ ಬಂತು: 15 ಮಂದಿ ಚುನಾಯಿತರು, 5 ಮಂದಿ ನಾಮಕರಣಗೊಂಡವರು. ಇದು ಮಡಿಕೇರಿಯ ಮಟ್ಟಿನ ಮಾತು. ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ದೆಹಲಿ ಪ್ರಾಂತಕ್ಕೊಂದು, ಅಜ್ಮೀರ್-ಮೇರ್ವಾಡಕ್ಕೊಂದು ಚುನಾಯಿತ ಸ್ಥಾನವಿದ್ದರೂ ಕೊಡಗಿಗೆ ಇರಲಿಲ್ಲ.

1935ರ ಭಾರತ ಸರ್ಕಾರ ಕಾಯ್ದೆ ಈ ಕೊರತೆಯನ್ನು ಕಾಗದದ ಮೇಲೆ ತುಂಬಿಸಿತು. ಆ ಕಾಯ್ದೆ ಕಲ್ಪಿಸಿಕೊಂಡ ಫೆಡರಲ್ ಅಸೆಂಬ್ಲಿಯಲ್ಲಿ ಕೊಡಗಿಗೆ ಒಂದು, ಕೌನ್ಸಿಲ್ ಆಫ್ ಸ್ಟೇಟ್‌ನಲ್ಲಿ ಇನ್ನೊಂದು. ಸಂಸ್ಥಾನಗಳ ಅರಸರು ಒಕ್ಕೂಟಕ್ಕೆ ಬರಲು ಒಪ್ಪಲಿಲ್ಲ, ಎರಡನೇ ಮಹಾಯುದ್ಧ ಶುರುವಾಯಿತು, ಫೆಡರೇಷನ್ ಹುಟ್ಟುವ ಮುಂಚೆಯೇ ಸತ್ತಿತು. ಕೊಡಗಿನ ಎರಡು ಕುರ್ಚಿಗಳೂ ಅದರೊಂದಿಗೆ ಹೋದವು.

ಕೊಡಗಿನ ದನಿ ದೆಹಲಿಯನ್ನು ನಿಜವಾಗಿ ಮುಟ್ಟಿದ್ದು 1946ರಲ್ಲಿ. ಸಂವಿಧಾನ ಸಭೆಗೆ ಹತ್ತು ಲಕ್ಷ ಜನರಿಗೆ ಒಬ್ಬರಂತೆ ಪ್ರತಿನಿಧಿ ಎಂದು ಬ್ರಿಟಿಷ್ ಸರ್ಕಾರ ಕಳುಹಿಸಿದ ಕ್ಯಾಬಿನೆಟ್ ಮಿಷನ್ ನಿಗದಿ ಮಾಡಿತ್ತು. 1941ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 1,68,726. ಆ ಲೆಕ್ಕಕ್ಕೆ ಕೊಡಗು ಎಲ್ಲೂ ನಿಲ್ಲುವಂತಿರಲಿಲ್ಲ. ಹಾಗಾಗಿ ಚೀಫ್ ಕಮಿಷನರ್ ಪ್ರಾಂತಗಳಿಗೆಂದು ಮಿಷನ್ ಬೇರೆಯದೇ ನಾಲ್ಕು ಸ್ಥಾನಗಳನ್ನು ಇಟ್ಟಿತು. ದೆಹಲಿ ಮತ್ತು ಅಜ್ಮೀರಿನಿಂದ ಕೇಂದ್ರ ಶಾಸನಸಭೆಯಲ್ಲಿ ಆಗಲೇ ಇದ್ದ ಸದಸ್ಯರೇ ಬರಬೇಕು, ಬಲೂಚಿಸ್ತಾನಕ್ಕೆ ಒಬ್ಬರು, ಕೊಡಗಿನಿಂದ ಅಲ್ಲಿನ ಲೆಜಿಸ್ಲೇಟಿವ್ ಕೌನ್ಸಿಲ್ ಆರಿಸಿದ ಒಬ್ಬರು. ಹೀಗೆ ಆರಿಸಿ ಬಂದವರು ಚೆಪ್ಪುಡಿರ ಮುತ್ತಣ್ಣ ಪೂಣಚ್ಚ. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡವರು, ಕೌನ್ಸಿಲಿನಲ್ಲಿ ಕಾಂಗ್ರೆಸ್ಸಿನ ನಾಯಕರು, ಆಗಿನ್ನೂ ನಲವತ್ತು ತುಂಬದ ಯುವಕರು.

ಇಲ್ಲೊಂದು ಅಂಶ ಎದ್ದು ಕಾಣುತ್ತದೆ. 1935ರಲ್ಲಿ, 1946ರಲ್ಲಿ, ಮತ್ತೆ 1950ರಲ್ಲಿ ಕೊಡಗಿಗೆ ಸ್ಥಾನ ಸಿಕ್ಕಿದ್ದು ತಲೆಯೆಣಿಕೆಯಿಂದಲ್ಲ, ತಲೆಯೆಣಿಕೆಗೆ ಕೊಟ್ಟ ವಿನಾಯಿತಿಯಿಂದ. ಇದನ್ನು ದಾಕ್ಷಿಣ್ಯ ಎನ್ನುವವರಿದ್ದಾರೆ. ಹಾಗೆನ್ನುವುದು ಪೂರ್ತಿ ಸರಿಯಲ್ಲ. ಒಂದು ಘಟಕಕ್ಕೆ ತನ್ನದೇ ಗಡಿ, ತನ್ನದೇ ಆಡಳಿತ, ತನ್ನದೇ ಕಂದಾಯ ವ್ಯವಸ್ಥೆ ಇದ್ದರೆ ಜನ ಎಷ್ಟೇ ಕಡಿಮೆಯಿದ್ದರೂ ದೇಶದ ಸಭೆಯಲ್ಲಿ ಅದಕ್ಕೊಂದು ಬಾಯಿ ಬೇಕು ಎಂಬುದು ಒಕ್ಕೂಟಗಳು ಒಪ್ಪಿಕೊಂಡು ಬಂದ ನ್ಯಾಯ. ಕೊಡಗಿನ ಹಕ್ಕಿಗೆ ಆಧಾರ ಆ ಗಡಿಯಾಗಿತ್ತು. ಗಡಿ ಅಳಿದ ದಿನ ಹಕ್ಕೂ ಅಳಿಯುವುದಿತ್ತು.

1950ರ ಸಂವಿಧಾನದಲ್ಲಿ ಕೊಡಗು 'ಸಿ' ವರ್ಗದ ರಾಜ್ಯ, ಎಂದರೆ ಕೇಂದ್ರದ ಆಡಳಿತಕ್ಕೆ ಒಳಪಟ್ಟ ಸಣ್ಣ ರಾಜ್ಯ. ಅದರ ಹೆಸರಿನಲ್ಲೇ ಒಂದು ವಿಧಿ ಇತ್ತು, 242ನೇ ವಿಧಿ. ಸಂಸತ್ತು ಬೇರೆ ಕಾನೂನು ಮಾಡುವವರೆಗೆ ಕೊಡಗಿನ ಹಳೆಯ ಕೌನ್ಸಿಲ್ ಇದ್ದಂತೆಯೇ ಇರಲಿ ಎಂದು ಅದು ಹೇಳುತ್ತಿತ್ತು. 1951ರ 'ಸಿ' ವರ್ಗದ ರಾಜ್ಯಗಳ ಕಾಯ್ದೆ ಆ ಕೌನ್ಸಿಲಿನ ಜಾಗದಲ್ಲಿ 24 ಸದಸ್ಯರ ವಿಧಾನಸಭೆಯನ್ನು ತಂದಿತು. ಅದೇ ವರ್ಷದ ಜನಗಣತಿಯಂತೆ ಕೊಡಗಿನ ಜನ 2,29,405. ಎಂದರೆ ಹತ್ತು ಸಾವಿರ ಜನರೂ ಇಲ್ಲದ ಒಂದೊಂದು ಪಾಲಿಗೆ ಒಬ್ಬ ಶಾಸಕ. ಇವತ್ತಿನ ಬೆಂಗಳೂರಿನ ಒಂದು ವಾರ್ಡಿನ ಕಾರ್ಪೊರೇಟರ್ ಕೂಡ ಅಷ್ಟು ಕಡಿಮೆ ಜನಕ್ಕೆ ಉತ್ತರ ಕೊಡಬೇಕಾಗಿಲ್ಲ.

ಲೋಕಸಭೆಯ ಲೆಕ್ಕವೂ ಹೀಗೆಯೇ. ಏಳೂವರೆ ಲಕ್ಷ ಜನಕ್ಕೆ ಒಬ್ಬರಿಗಿಂತ ಕಡಿಮೆಯಾಗಬಾರದು, ಐದು ಲಕ್ಷಕ್ಕೆ ಒಬ್ಬರಿಗಿಂತ ಹೆಚ್ಚಾಗಬಾರದು ಎಂಬುದು ಮೂಲ ಸಂವಿಧಾನದ ನಿಯಮ. 'ಸಿ' ವರ್ಗದ ರಾಜ್ಯಗಳಿಗೆ ಮಾತ್ರ ಸಂಸತ್ತು ಬೇರೆ ಏರ್ಪಾಡು ಮಾಡಬಹುದಿತ್ತು. ಆ ದಾರಿಯಿಂದ ಎರಡೂಕಾಲು ಲಕ್ಷ ಚಿಲ್ಲರೆ ಜನರ ಕೊಡಗಿಗೆ ಪೂರ್ತಿ ಸ್ಥಾನ ಸಿಕ್ಕಿತು. ಕೊಡಗಿಗಿಂತ ಚಿಕ್ಕ ರಾಜ್ಯವೂ ಒಂದಿತ್ತು. ಹಿಮಾಲಯದ ತಪ್ಪಲಿನ ಬಿಲಾಸಪುರದಲ್ಲಿ ಸುಮಾರು ಒಂದೂಕಾಲು ಲಕ್ಷ ಜನ, ಅದಕ್ಕೂ ಒಂದು ಸ್ಥಾನ. ಅಲ್ಲಿ 1952ರಲ್ಲಿ ಮಾಜಿ ಅರಸ ಆನಂದ್ ಚಂದ್ ಅವಿರೋಧವಾಗಿ ಗೆದ್ದರು. ಎರಡು ವರ್ಷದಲ್ಲಿ ಬಿಲಾಸಪುರ ಹಿಮಾಚಲಕ್ಕೆ ಸೇರಿಹೋಯಿತು.

ಕೊಡಗಿನಲ್ಲಿ ಅವಿರೋಧದ ಮಾತೇ ಇರಲಿಲ್ಲ. 1952ರ ಚುನಾವಣೆಯ ಹೊತ್ತಿಗೆ ಕೊಡಗು ಎರಡು ಪಾಳಯವಾಗಿತ್ತು. ಒಂದು ಕಡೆ ಪೂಣಚ್ಚನವರ ಕಾಂಗ್ರೆಸ್. ಇನ್ನೊಂದು ಕಡೆ 'ಕೊಡಗಿನ ಗಾಂಧಿ' ಎಂದು ಹೆಸರಾಗಿದ್ದ ಪಂದ್ಯಂಡ ಬೆಳ್ಯಪ್ಪನವರ ಬಳಗ. ತಕ್ಕಡಿ ಗುರುತಿನಲ್ಲಿ ನಿಂತದ್ದರಿಂದ ಜನರ ಬಾಯಲ್ಲಿ ಅದು ತಕ್ಕಡಿ ಪಕ್ಷ. ಜಗಳದ ಮೂಲ ಒಂದೇ: ಕೊಡಗು ಕೊಡಗಾಗಿಯೇ ಉಳಿಯಬೇಕೋ, ಮೈಸೂರಿನ ಜೊತೆ ಸೇರಬೇಕೋ. ಬೆಳ್ಯಪ್ಪನವರು ಸ್ವಾತಂತ್ರ್ಯ ಹೋರಾಟದ ಹಿರಿಯ ತಲೆ, ಗಾಂಧಿವಾದಿ. ಕಾಂಗ್ರೆಸ್ಸಿನ ಎದುರು ನಿಂತವರು ಯಾರೋ ಹಳೆಯ ಸರ್ಕಾರಿ ಭಕ್ತರು ಎಂದು ತಳ್ಳಿಹಾಕುವ ಹಾಗೆ ಇರಲಿಲ್ಲ. ಫಲಿತಾಂಶದಲ್ಲಿ ಕಾಂಗ್ರೆಸ್ಸಿಗೆ 15, ಪಕ್ಷೇತರರಿಗೆ 9. ಲೋಕಸಭೆಗೆ ಕಾಂಗ್ರೆಸ್ಸಿನ ನಿಡ್ಯಮಲೆ ಸೋಮಣ್ಣ ಆಯ್ಕೆಯಾದರು. ಪೂಣಚ್ಚ ಮುಖ್ಯಮಂತ್ರಿಯಾದರು, ಅವರ ಸಂಪುಟದಲ್ಲಿ ಅವರೂ ಸೇರಿ ಇಬ್ಬರೇ ಮಂತ್ರಿಗಳು, ಇನ್ನೊಬ್ಬರು ಕುಟ್ಟೂರು ಮಲ್ಲಪ್ಪ. ಇಬ್ಬರ ಸಂಪುಟದಲ್ಲಿ ಭಿನ್ನಮತಕ್ಕೆ ಎಡೆ ಎಷ್ಟಿದ್ದೀತು!

ಸೋಮಣ್ಣನವರ ಸ್ಥಾನ ಒಂದು ದೃಷ್ಟಿಯಿಂದ ವಿಶೇಷವಾದದ್ದು. ಕೊಡಗು ಎಂಬ ಹೆಸರಿನ ಲೋಕಸಭಾ ಕ್ಷೇತ್ರದಿಂದ ಗೆದ್ದು ಹೋದವರು ಅವರೊಬ್ಬರೇ. ಮುಂದಿನ ಚುನಾವಣೆ ಬರುವ ಹೊತ್ತಿಗೆ ಕ್ಷೇತ್ರವೂ ಇರಲಿಲ್ಲ, ರಾಜ್ಯವೂ ಇರಲಿಲ್ಲ.

1953ರ ಡಿಸೆಂಬರಿನಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. ಸಣ್ಣ 'ಸಿ' ವರ್ಗದ ರಾಜ್ಯಗಳ ಬಗ್ಗೆ ಆಯೋಗಕ್ಕೆ ಅಂಥ ಮಮತೆಯೇನೂ ಇರಲಿಲ್ಲ. ಇಷ್ಟು ಪುಟ್ಟ ಘಟಕಗಳು ತಮ್ಮ ಕಾಲ ಮೇಲೆ ನಿಲ್ಲಲಾರವು, ಖರ್ಚು ಹೆಚ್ಚು ಎಂಬ ಅಭಿಪ್ರಾಯ ಆಗ ದೆಹಲಿಯಲ್ಲಿ ಬಲವಾಗಿತ್ತು. 1955ರ ಸೆಪ್ಟೆಂಬರಿನಲ್ಲಿ ಬಂದ ವರದಿ ಕೊಡಗನ್ನು ಹೊಸ ಕನ್ನಡ ರಾಜ್ಯಕ್ಕೆ ಸೇರಿಸಲು ಹೇಳಿತು. ಪೂಣಚ್ಚನವರ ಸರ್ಕಾರವೂ ವಿಲೀನದ ಪರವಾಗಿತ್ತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ಏಳನೇ ತಿದ್ದುಪಡಿ 242ನೇ ವಿಧಿಯನ್ನು ಅಳಿಸಿಹಾಕಿತು. ಅಜ್ಮೀರ್ ಅದೇ ದಿನ ರಾಜಸ್ಥಾನಕ್ಕೆ ಹೋಯಿತು. ಸರದಿಯ ರಾಜ್ಯಸಭಾ ಸ್ಥಾನ ಎರಡೂ ಕಡೆಯವರಿಗೆ ಇಲ್ಲವಾಯಿತು.

ಕನ್ನಡನಾಡಿನ ಏಕೀಕರಣದ ಕಥೆಯನ್ನು ಸಾಮಾನ್ಯವಾಗಿ ಗೆಲುವಿನ ಕಥೆಯಾಗಿ ಹೇಳುತ್ತಾರೆ. ಅದು ಗೆಲುವೇ. ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕದ ಜನಕ್ಕೆ ಮರಾಠಿ, ಉರ್ದು ಕಚೇರಿಗಳಿಂದ ಬಿಡುಗಡೆ ಸಿಕ್ಕಿತು. ಕೊಡಗಿನ ಪಾಲಿಗೆ ಮಾತ್ರ ಲಾಭದ ಜೊತೆಗೆ ಒಂದು ಖರ್ಚೂ ಬಂತು, ಅದನ್ನು ಆ ನವೆಂಬರಿನ ಸಂಭ್ರಮದಲ್ಲಿ ಯಾರೂ ಬರೆದಿಡಲಿಲ್ಲ. ಬೇರೆ ಪ್ರದೇಶಗಳು ಒಂದು ದೊಡ್ಡ ಪ್ರಾಂತದ ಅಂಚಿನಿಂದ ಇನ್ನೊಂದರ ಒಳಕ್ಕೆ ಬಂದವು. ಕೊಡಗು ತನ್ನದೇ ವಿಧಾನಸಭೆ, ತನ್ನದೇ ಮುಖ್ಯಮಂತ್ರಿ, ತನ್ನದೇ ಸಂಸದ ಎಲ್ಲವನ್ನೂ ಬಿಟ್ಟುಕೊಟ್ಟು ಬಂತು. ಏಕೀಕರಣಕ್ಕೆ ಇಷ್ಟು ಕೊಟ್ಟ ಇನ್ನೊಂದು ಜಿಲ್ಲೆ ಕರ್ನಾಟಕದಲ್ಲಿಲ್ಲ.

1957ರಲ್ಲಿ ಕೊಡಗು ಮಂಗಳೂರು ಲೋಕಸಭಾ ಕ್ಷೇತ್ರದ ಭಾಗವಾಯಿತು. ಅಲ್ಲಿಂದ 2004ರವರೆಗೆ ಹದಿಮೂರು ಮಹಾಚುನಾವಣೆಗಳು. ಕ್ಷೇತ್ರದ ಎಂಟು ವಿಧಾನಸಭಾ ಭಾಗಗಳಲ್ಲಿ ಬಹುಕಾಲ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂಬ ಮೂರು ಕೊಡಗಿನವು. ಉಳಿದ ಐದು ಘಟ್ಟದ ಕೆಳಗಿನವು. ಸಂಪಾಜೆ ಘಾಟಿ ಇಳಿದರೆ ಭಾಷೆಯೂ ರಾಜಕೀಯವೂ ಬದಲಾಗುತ್ತಿತ್ತು. ಜನಾರ್ದನ ಪೂಜಾರಿ ನಾಲ್ಕು ಸಲ ಗೆದ್ದರು, ಧನಂಜಯ ಕುಮಾರ್ ನಾಲ್ಕು ಸಲ. ಇಬ್ಬರೂ ದಕ್ಷಿಣ ಕನ್ನಡದವರು. 2004ರಲ್ಲಿ ಗೆದ್ದ ಸದಾನಂದ ಗೌಡರು ಸುಳ್ಯ ತಾಲೂಕಿನವರು. 1834ಕ್ಕೆ ಮುಂಚೆ ಆ ಸೀಮೆ ಕೊಡಗಿನ ಅರಸರದ್ದಾಗಿತ್ತು ಎಂದು ಚರಿತ್ರೆ ಓದಿದವರು ಸಮಾಧಾನಪಟ್ಟುಕೊಳ್ಳಬಹುದಿತ್ತು.

ಹದಿಮೂರರಲ್ಲಿ ಒಂದು ಸಲ ಮಾತ್ರ ಕೊಡಗಿನವರೇ ಆ ಕ್ಷೇತ್ರದಿಂದ ಲೋಕಸಭೆಗೆ ಹೋದರು, 1967ರಲ್ಲಿ. ಹೋದವರು ಬೇರೆ ಯಾರೂ ಅಲ್ಲ, ಪೂಣಚ್ಚ. ಸಂವಿಧಾನ ಸಭೆಯಲ್ಲಿ ಕೊಡಗಿನ ಏಕೈಕ ಪ್ರತಿನಿಧಿ, ಕೊಡಗು ರಾಜ್ಯದ ಏಕೈಕ ಮುಖ್ಯಮಂತ್ರಿ, ಆ ರಾಜ್ಯವನ್ನು ವಿಲೀನಕ್ಕೆ ಒಪ್ಪಿಸಿದವರು. ವಿಲೀನದ ನಂತರ ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿ. ಆಮೇಲೆ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ನಿನ ಅಧ್ಯಕ್ಷತೆ, ಕೊನೆಗೆ ಮಧ್ಯಪ್ರದೇಶ ಮತ್ತು ಒಡಿಶಾದ ರಾಜ್ಯಪಾಲ ಹುದ್ದೆ. ಪುಟ್ಟ ರಾಜ್ಯ ಕಳೆದುಕೊಂಡದ್ದರಿಂದ ಅವರ ವೈಯಕ್ತಿಕ ರಾಜಕೀಯ ಬೆಳೆಯಿತೇ ಹೊರತು ಕುಗ್ಗಲಿಲ್ಲ ಎಂದು ಅವರ ವಿರೋಧಿಗಳು ಹೇಳಬಹುದು. ಅದೇ ಮಾತನ್ನು ತಿರುಗಿಸಿ, ದೊಡ್ಡ ರಾಜ್ಯದ ಒಳಗೆ ಬಂದರೆ ಕೊಡಗಿನವನೊಬ್ಬ ಎಷ್ಟು ಎತ್ತರಕ್ಕೆ ಹೋಗಬಹುದು ಎಂಬುದಕ್ಕೆ ಅವರೇ ಸಾಕ್ಷಿ ಎಂದೂ ಹೇಳಬಹುದು. ಎರಡೂ ನಿಜ.

1967ರಿಂದ 1969ರವರೆಗೆ ಪೂಣಚ್ಚ ಕೇಂದ್ರದ ರೈಲ್ವೆ ಮಂತ್ರಿ. ಅವರ ಜಿಲ್ಲೆಯಲ್ಲಿ ಒಂದು ಅಡಿ ರೈಲು ಹಳಿಯೂ ಇರಲಿಲ್ಲ. ಇಂದಿಗೂ ಇಲ್ಲ. ಆ ದಶಕದಲ್ಲಿ ಕೈಗೆತ್ತಿಕೊಂಡ ಹಾಸನ–ಮಂಗಳೂರು ಮಾರ್ಗ ಸಕಲೇಶಪುರ, ಸುಬ್ರಹ್ಮಣ್ಯದ ಮೇಲೆ ಹಾದು ಕೊಡಗಿನ ಉತ್ತರದ ಗಡಿಯಾಚೆಯೇ ಇಳಿದು ಹೋಯಿತು. ಮೈಸೂರಿನಿಂದ ಕುಶಾಲನಗರಕ್ಕೆ ರೈಲು ತರುವ ಪ್ರಸ್ತಾಪ ಚುನಾವಣೆ ಬಂದಾಗಲೆಲ್ಲ ಎದ್ದು ಕೂರುತ್ತದೆ. ಕಾಡು, ಆನೆ, ತೋಟ ಹಾಳಾಗುತ್ತವೆ ಎಂದು ಅದನ್ನು ಬೇಡವೆನ್ನುವವರೂ ಕೊಡಗಿನಲ್ಲೇ ಸಾಕಷ್ಟಿದ್ದಾರೆ. ಪ್ರತಿನಿಧಿ ಒಬ್ಬನಿದ್ದರೆ ಊರಿಗೆಲ್ಲ ಒಂದೇ ದನಿ ಬರುತ್ತದೆ ಎಂದು ತಿಳಿಯುವುದು ತಪ್ಪು.

ಕೊಡಗಿನ ಅತಿ ಹೆಸರುವಾಸಿ ಮನುಷ್ಯ ಜನರಲ್ ಕಾರ್ಯಪ್ಪನವರೂ ಒಮ್ಮೆ ಲೋಕಸಭೆಗೆ ನಿಂತಿದ್ದರು, 1971ರಲ್ಲಿ. ನಿಂತದ್ದು ಮುಂಬಯಿ ಈಶಾನ್ಯ ಕ್ಷೇತ್ರದಿಂದ, ಗೆಲ್ಲಲಿಲ್ಲ. ಕೊಡಗು ಮೂಲದ ಪ್ರೇಮಾ ಕಾರ್ಯಪ್ಪ 2002ರಿಂದ 2008ರವರೆಗೆ ರಾಜ್ಯಸಭೆಯಲ್ಲಿದ್ದರು, ಆದರೆ ಅದು ಕರ್ನಾಟಕದ ಪಾಲಿನ ಸ್ಥಾನ, ಕೊಡಗಿನದ್ದಲ್ಲ.

ತಲೆಯೆಣಿಕೆ ಹೇಗೆ ಕೆಲಸ ಮಾಡುತ್ತದೆ ಎಂಬುದು 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಚೆನ್ನಾಗಿ ಕಂಡಿತು. 1971ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 2.93 ಕೋಟಿ. 224 ಕ್ಷೇತ್ರಗಳಿಗೆ ಹಂಚಿದರೆ ಒಂದಕ್ಕೆ ಸುಮಾರು 1.31 ಲಕ್ಷ. ಕೊಡಗಿನಲ್ಲಿ ಆಗ 3,78,291 ಜನ. ಮೂರು ಕ್ಷೇತ್ರ ಸಲೀಸಾಗಿ ಬರುತ್ತಿತ್ತು. 2001ರ ಗಣತಿಯಲ್ಲಿ ರಾಜ್ಯ 5.28 ಕೋಟಿ ದಾಟಿತ್ತು, ಒಂದು ಕ್ಷೇತ್ರದ ಸರಾಸರಿ 2.36 ಲಕ್ಷಕ್ಕೆ ಏರಿತ್ತು. ಕೊಡಗು ನಿಂತದ್ದು 5,48,561ರಲ್ಲಿ. ಭಾಗಿಸಿದರೆ ಎರಡು ಮತ್ತು ಚಿಲ್ಲರೆ. ಸೋಮವಾರಪೇಟೆ ಕ್ಷೇತ್ರ ಮಾಯವಾಯಿತು. 24 ಶಾಸಕರ ನಾಡಿನಲ್ಲಿ ಈಗ ಇಬ್ಬರು.

ಅದೇ ಪುನರ್ವಿಂಗಡಣೆಯಲ್ಲಿ ಕೊಡಗನ್ನು ಮಂಗಳೂರಿನಿಂದ ಬಿಡಿಸಿ ಮೈಸೂರಿಗೆ ಜೋಡಿಸಿದರು. ಮಡಿಕೇರಿ, ವಿರಾಜಪೇಟೆ ಎರಡು; ಪಿರಿಯಾಪಟ್ಟಣ, ಹುಣಸೂರು, ಚಾಮುಂಡೇಶ್ವರಿ, ಕೃಷ್ಣರಾಜ, ಚಾಮರಾಜ, ನರಸಿಂಹರಾಜ ಸೇರಿ ಆರು. ಪತ್ರಿಕೆಗಳು 'ಮೈಸೂರು-ಕೊಡಗು' ಎಂದು ಬರೆಯುತ್ತವೆ, ಚುನಾವಣಾ ಆಯೋಗದ ಪಟ್ಟಿಯಲ್ಲಿ ಬರೀ ಮೈಸೂರು. ಅಜ್ಮೀರ್ ಇನ್ನೂ ತನ್ನ ಹೆಸರಿನಲ್ಲೇ ಒಂದು ಲೋಕಸಭಾ ಕ್ಷೇತ್ರ ಇಟ್ಟುಕೊಂಡಿದೆ. ಒಂದು ಕಾಲದ ಅದರ ಜೊತೆಗಾರನ ಹೆಸರು 1957ರಿಂದ ಆ ಪಟ್ಟಿಯಲ್ಲಿಲ್ಲ. 2009ರಲ್ಲಿ ಎಚ್. ವಿಶ್ವನಾಥ್, 2014 ಮತ್ತು 2019ರಲ್ಲಿ ಪ್ರತಾಪ ಸಿಂಹ, 2024ರಲ್ಲಿ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್. ಮೈಸೂರಿಗೆ ಸೇರಬಾರದೆಂದು 1952ರಲ್ಲಿ ತಕ್ಕಡಿಗೆ ಓಟು ಹಾಕಿದವರ ಮೊಮ್ಮಕ್ಕಳಿಗೆ ಇವತ್ತು ಮೈಸೂರು ಅರಮನೆಯವರೇ ಸಂಸದರು.

ಪುಟ್ಟ ರಾಜ್ಯವಾಗಿಯೇ ಉಳಿದಿದ್ದರೆ ಏನಾಗುತ್ತಿತ್ತು? ಉತ್ತರಕ್ಕೆ ಊಹೆ ಬೇಕಿಲ್ಲ, 'ಸಿ' ವರ್ಗದ ಹಳೆಯ ಜೊತೆಗಾರರನ್ನು ನೋಡಿದರೆ ಸಾಕು. ಮಣಿಪುರ, ತ್ರಿಪುರಗಳೂ ಕೊಡಗು-ಅಜ್ಮೀರಿನಂತೆ ಒಂದೇ ರಾಜ್ಯಸಭಾ ಸ್ಥಾನವನ್ನು ಸರದಿಯಲ್ಲಿ ಹಂಚಿಕೊಳ್ಳುತ್ತಿದ್ದವು. 1956ರಲ್ಲಿ ಅವು ಯಾರೊಂದಿಗೂ ಸೇರದೆ ಕೇಂದ್ರಾಡಳಿತ ಪ್ರದೇಶಗಳಾದವು, 1972ರಲ್ಲಿ ರಾಜ್ಯಗಳಾದವು. ಈಗ ಎರಡಕ್ಕೂ ಎರಡೆರಡು ಲೋಕಸಭಾ ಸ್ಥಾನ, ಒಂದೊಂದು ರಾಜ್ಯಸಭಾ ಸ್ಥಾನ. 1975ರಲ್ಲಿ ಭಾರತಕ್ಕೆ ಬಂದ ಸಿಕ್ಕಿಂನಲ್ಲಿ 2011ರ ಗಣತಿಯಂತೆ 6.10 ಲಕ್ಷ ಜನ, ಕೊಡಗಿನಲ್ಲಿ ಐದೂವರೆ ಲಕ್ಷ. ಸಿಕ್ಕಿಂಗೆ ಲೋಕಸಭೆಯಲ್ಲಿ ಒಂದು, ರಾಜ್ಯಸಭೆಯಲ್ಲಿ ಒಂದು. ಕೊಡಗಿನದ್ದು ಒಬ್ಬ ಸಂಸದನ ಕಾಲು ಭಾಗ. ಜನಸಂಖ್ಯೆಗೂ ಸ್ಥಾನಕ್ಕೂ ಎಲ್ಲ ರಾಜ್ಯಗಳಲ್ಲಿ ಒಂದೇ ಅನುಪಾತ ಇರಬೇಕೆಂಬ ನಿಯಮ 60 ಲಕ್ಷ ಮೀರದ ರಾಜ್ಯಗಳಿಗೆ ಅನ್ವಯಿಸುವುದಿಲ್ಲ ಎಂದು 1973ರ ಮೂವತ್ತೊಂದನೇ ತಿದ್ದುಪಡಿ ಹೇಳಿದೆ. ವಿನಾಯಿತಿ ಇದೆ, ಆದರೆ ಅದು ರಾಜ್ಯಕ್ಕೆ, ರಾಜ್ಯದೊಳಗಿನ ಜಿಲ್ಲೆಗಲ್ಲ.

ಕೊಡವ ನ್ಯಾಷನಲ್ ಕೌನ್ಸಿಲ್ ಎಂಬ ಸಂಘಟನೆಯೂ ಸಿಕ್ಕಿಮ್ಮಿನ ಉದಾಹರಣೆ ಎತ್ತುತ್ತದೆ. ಸಿಕ್ಕಿಂ ವಿಧಾನಸಭೆಯ 32 ಸ್ಥಾನಗಳಲ್ಲಿ ಒಂದು 'ಸಂಘ' ಕ್ಷೇತ್ರ. ಬೌದ್ಧ ಮಠಗಳ ಭಿಕ್ಷು, ಭಿಕ್ಷುಣಿಯರಿಗೆ ಮಾತ್ರ ಅಲ್ಲಿ ಮತ. ಅದೇ ಮಾದರಿಯಲ್ಲಿ ಕೊಡವರಿಗೆ ಪ್ರತ್ಯೇಕ ಕ್ಷೇತ್ರ ಬೇಕು ಎಂಬುದು ಬೇಡಿಕೆ. ಸಮುದಾಯದ ಭಾಷೆ, ಸಂಸ್ಕೃತಿ ಉಳಿಯಬೇಕೆಂಬ ಆತಂಕ ಸುಳ್ಳಲ್ಲ. ಆದರೆ ಬೇಡಿಕೆಯಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಅವನ್ನು ಬಿಡಿಸಿ ನೋಡಬೇಕು. ಕೊಡಗಿನ ಪ್ರಾತಿನಿಧ್ಯ ಬೇರೆ, ಕೊಡವರ ಪ್ರಾತಿನಿಧ್ಯ ಬೇರೆ. ಜಿಲ್ಲೆಯಲ್ಲಿ ಅರೆಭಾಷೆ ಆಡುವ ಗೌಡರಿದ್ದಾರೆ, ಮಲೆಯಾಳ, ತುಳು, ಬ್ಯಾರಿ ಆಡುವವರಿದ್ದಾರೆ, ಯರವರು, ಜೇನುಕುರುಬರಿದ್ದಾರೆ, ಲೈನುಮನೆಗಳ ತೋಟ ಕಾರ್ಮಿಕರಿದ್ದಾರೆ. 1952ರ ಕೊಡಗು ಸ್ಥಾನ ಅವರೆಲ್ಲರ ಓಟಿನ ಸ್ಥಾನವಾಗಿತ್ತು. ಅದರ ನಷ್ಟವೂ ಎಲ್ಲರದ್ದು.

ಮುಂದಿನ ಪುನರ್ವಿಂಗಡಣೆಯ ಮಾತು ಬಂದಾಗ ದಕ್ಷಿಣದ ರಾಜ್ಯಗಳು ಒಂದು ದೂರು ಹೇಳುತ್ತವೆ: ಜನಸಂಖ್ಯೆ ಹತೋಟಿಯಲ್ಲಿಟ್ಟುಕೊಂಡದ್ದಕ್ಕೆ ಸ್ಥಾನ ಕಳೆದುಕೊಳ್ಳಬೇಕೇ? ಕರ್ನಾಟಕ ದೆಹಲಿಯ ಮುಂದೆ ಇಡುವ ಈ ಪ್ರಶ್ನೆಯನ್ನು ಕೊಡಗು ಬೆಂಗಳೂರಿನ ಮುಂದೆ ಇಡಬಹುದು. 2001ರಿಂದ 2011ರ ನಡುವೆ ರಾಜ್ಯದ ಜನ ಶೇ. 15ಕ್ಕೂ ಹೆಚ್ಚು ಬೆಳೆದರು, ಕೊಡಗಿನವರು ಬೆಳೆದದ್ದು ಶೇ. 1ರ ಆಸುಪಾಸು. 2011ರ ಗಣತಿಯನ್ನೇ ಹಿಡಿದರೆ ಕೊಡಗಿನ ಪಾಲು ಎರಡು ವಿಧಾನಸಭಾ ಕ್ಷೇತ್ರಕ್ಕೆ ಹೆಚ್ಚೂಕಡಿಮೆ ಸರಿಯಾಗಿ ನಿಲ್ಲುತ್ತದೆ. ಇನ್ನಷ್ಟು ಇಳಿದರೆ ಒಂದು ಕ್ಷೇತ್ರದ ಗಡಿ ಪಿರಿಯಾಪಟ್ಟಣದ ಕಡೆಗೋ ಹುಣಸೂರಿನ ಕಡೆಗೋ ಚಾಚಬೇಕಾದೀತು. 2002ರ ಪುನರ್ವಿಂಗಡಣಾ ಕಾಯ್ದೆ ಜನಸಂಖ್ಯೆಯ ಜೊತೆಗೆ ಭೌಗೋಳಿಕ ಲಕ್ಷಣ, ಆಡಳಿತ ಘಟಕಗಳ ಗಡಿ, ಸಂಪರ್ಕ ಸೌಕರ್ಯ, ಜನರ ಅನುಕೂಲವನ್ನೂ ನೋಡಬೇಕೆಂದು ಹೇಳಿತ್ತು. ಮುಂದಿನ ಆಯೋಗದ ಮುಂದೆ ಕೊಡಗಿನವರು ಮಂಡಿಸಬಹುದಾದ ಗಟ್ಟಿ ವಾದ ಆ ಬಗೆಯ ಮಾತುಗಳಲ್ಲೇ ಇದೆ. ಜಿಲ್ಲೆಯ ಗಡಿಯನ್ನು ಒಡೆಯದೆ ಎರಡು ವಿಧಾನಸಭಾ ಕ್ಷೇತ್ರಗಳನ್ನು ಉಳಿಸಿಕೊಳ್ಳುವುದು ಮೊದಲನೆಯದು. ಘಟ್ಟ ಇಳಿದು ಕರಾವಳಿಯ ಜೊತೆಗೋ, ಬಯಲಿಗಿಳಿದು ಮೈಸೂರಿನ ಜೊತೆಗೋ, ಉತ್ತರದ ಕಾಫಿ ತಾಲೂಕುಗಳಾದ ಸಕಲೇಶಪುರ, ಆಲೂರು, ಮೂಡಿಗೆರೆಗಳ ಜೊತೆಗೋ ಎಂಬ ಪ್ರಶ್ನೆಯನ್ನು ಈ ಸಲವಾದರೂ ಕೊಡಗಿನವರನ್ನು ಕೇಳಿ ತೀರ್ಮಾನಿಸಿ ಎನ್ನುವುದು ಎರಡನೆಯದು.